ಬಾಗಿಲಾಚೆ ಕಾಯುವ ಮಗು

ಮನೆಯಲ್ಲಿ ಒಂದು ಮಗು ತೀವ್ರ ಕಾಯಿಲೆಗೆ ಒಳಗಾದಾಗ ಎಲ್ಲರ ಕಣ್ಣೂ ಆ ಮಗುವಿನ ಮೇಲೆಯೇ ನೆಲೆಸುತ್ತದೆ. ಅದು ಸಹಜ, ನ್ಯಾಯವೂ ಹೌದು. ತಾಯಿ ಆಸ್ಪತ್ರೆಯ ಮಂಚದ ಪಕ್ಕದಲ್ಲಿ, ತಂದೆ ಔಷಧಿ ಅಂಗಡಿಯ ಮುಂದೆ, ಅಜ್ಜಿ ಜಪಮಾಲೆ ಹಿಡಿದು ಪೀಠದ ಮುಂದೆ. ಆದರೆ ಅದೇ ಮನೆಯಲ್ಲಿ ಇನ್ನೊಂದು ಮಗುವೂ ಇರುತ್ತದೆ. ಅದಕ್ಕೆ ಜ್ವರವಿಲ್ಲ, ನೋವಿಲ್ಲ. ಆದುದರಿಂದಲೇ ಅದರ ಕಡೆ ಯಾರೂ ನೋಡುವುದಿಲ್ಲ. ಅದು ನೆರೆಮನೆಯಲ್ಲಿ ಉಣ್ಣುತ್ತದೆ, ಚಿಕ್ಕಮ್ಮನ ಮನೆಯಲ್ಲಿ ಮಲಗುತ್ತದೆ, ಹಿರಿಯರ ಪಿಸುಮಾತುಗಳನ್ನು ಕೇಳಿಸಿಕೊಂಡು ತನ್ನಷ್ಟಕ್ಕೆ ತಾನೇ ಭಯಂಕರವಾದ ಅರ್ಥಗಳನ್ನು ಹೆಣೆದುಕೊಳ್ಳುತ್ತದೆ. ಈ ಎರಡನೆಯ ಮಗುವನ್ನು ಸಂತೈಸುವವರು ಯಾರು?

ಈ ಪ್ರಶ್ನೆಯನ್ನು ಹೃದಯಕ್ಕೆ ಹಚ್ಚಿಕೊಂಡ ಒಂದು ಮಕ್ಕಳ ಕಾದಂಬರಿಯನ್ನು ಓದುಗರ ಮುಂದಿಡಲು ಬಯಸುತ್ತೇವೆ. ಇಂಗ್ಲೆಂಡಿನ ಲೇಖಕ ಡೇವಿಡ್ ಆಲ್ಮಂಡ್ 1998ರಲ್ಲಿ ಪ್ರಕಟಿಸಿದ ಈ ಕೃತಿಯ ಹೆಸರು 'ಸ್ಕೆಲಿಗ್'. ಅದು ಅವರು ಮಕ್ಕಳಿಗಾಗಿ ಬರೆದ ಮೊದಲ ಕಾದಂಬರಿ. ಅದೇ ವರ್ಷದ ಕಾರ್ನೆಗಿ ಪದಕವೂ ವಿಟ್‌ಬ್ರೆಡ್ ಮಕ್ಕಳ ಪುಸ್ತಕ ಪ್ರಶಸ್ತಿಯೂ ಅದಕ್ಕೆ ಸಂದವು. 2010ರಲ್ಲಿ ಲೇಖಕರಿಗೆ ಮಕ್ಕಳ ಸಾಹಿತ್ಯದ ಅತ್ಯುನ್ನತ ಅಂತರರಾಷ್ಟ್ರೀಯ ಗೌರವವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯೂ ದೊರೆಯಿತು.

ಕಥೆ ಸರಳವಾದುದು. ಮೈಕೆಲ್ ಎಂಬ ಬಾಲಕನ ಕುಟುಂಬ ಹಳೆಯದೊಂದು ಮನೆಗೆ ವಾಸ ಬದಲಿಸಿದೆ. ಅವಧಿಗೆ ಮುನ್ನವೇ ಹುಟ್ಟಿದ ಅವನ ತಂಗಿಗೆ ಉಸಿರಾಟವೇ ಒಂದು ಹೋರಾಟ. ಆಕೆಯ ಹೃದಯದಲ್ಲಿ ದೋಷವಿದೆ. ಕೂಸಿಗೆ ಇನ್ನೂ ಹೆಸರನ್ನೂ ಇಟ್ಟಿಲ್ಲ. ಬಂದುಹೋಗುವ ವೈದ್ಯರಿಗೆ ಮೈಕೆಲ್ ಮನಸ್ಸಿನಲ್ಲೇ 'ಡಾಕ್ಟರ್ ಮೃತ್ಯು' ಎಂದು ಹೆಸರಿಟ್ಟಿದ್ದಾನೆ. ಇಂದೋ ನಾಳೆಯೋ ಕುಸಿಯುವಂತಿರುವ ಗ್ಯಾರೇಜಿನೊಳಗೆ ಹೋಗಬಾರದೆಂದು ಹಿರಿಯರ ಕಟ್ಟಪ್ಪಣೆ. ಆದರೂ ಅವನು ಹೋಗುತ್ತಾನೆ. ಅಲ್ಲಿ ಹಳೆಯ ಪೆಟ್ಟಿಗೆಗಳ ಹಿಂದೆ, ಜೇಡರಬಲೆಯ ನಡುವೆ, ಕಪ್ಪು ಸೂಟು ಧರಿಸಿದ ಒಬ್ಬ ಕೃಶ ವ್ಯಕ್ತಿ ಗೋಡೆಗೊರಗಿ ಕುಳಿತಿದ್ದಾನೆ. ತಲೆಗೂದಲಲ್ಲಿ ಸತ್ತ ನೊಣಗಳು, ಬಾಯಲ್ಲಿ ದುರ್ವಾಸನೆ, ಕೀಲುಗಳಲ್ಲಿ ಸಂಧಿವಾತ. ಅವನು ಬೇಡುವುದು ಆಸ್ಪಿರಿನ್ ಮಾತ್ರೆ, ಚೀನೀ ಹೋಟೆಲಿನ ತಿನಿಸು, ಒಂದಿಷ್ಟು ಬಿಯರ್. ಬಾಲಕನ ಕೈ ಅವನ ಕೋಟಿನ ಬೆನ್ನಿಗೆ ತಾಗಿದಾಗ ಒಳಗೆ ಏನೋ ಮಡಿಚಿಟ್ಟಂತಿದೆ. ರೆಕ್ಕೆಗಳು!

ನೆರೆಮನೆಯ ಹುಡುಗಿ ಮೀನಾ ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವವಳು. ಹಕ್ಕಿಗಳನ್ನೂ ವಿಲಿಯಂ ಬ್ಲೇಕ್‌ನ ಕವಿತೆಗಳನ್ನೂ ಬಲ್ಲವಳು. ಮಕ್ಕಳಿಬ್ಬರೂ ಆ ವ್ಯಕ್ತಿಯನ್ನು ಅಪಾಯದ ಗ್ಯಾರೇಜಿನಿಂದ ಒಂದು ಖಾಲಿ ಮನೆಗೆ ಸಾಗಿಸಿ, ಉಣಿಸಿ, ಆರೈಕೆ ಮಾಡುತ್ತಾರೆ. ರಾತ್ರಿ ಗೂಬೆಗಳು ಅವನಿಗೆ ಆಹಾರ ತಂದುಕೊಡುತ್ತವೆ. ನಮ್ಮವರು ಅಪಶಕುನವೆಂದು ಓಡಿಸುವ ಪಕ್ಷಿಯೇ ಇಲ್ಲಿ ಅನ್ನದಾತ! ಪ್ರವಾದಿ ಎಲೀಯನಿಗೆ ಕಾಗೆಗಳು ರೊಟ್ಟಿ ತಂದ ಪ್ರಸಂಗ ನೆನಪಾಗದಿರದು. ನನ್ನ ತಂಗಿಯನ್ನು ಮನಸ್ಸಿನಲ್ಲಿಟ್ಟುಕೋ ಎಂಬುದೊಂದೇ ಮೈಕೆಲ್ ಅವನಲ್ಲಿ ಬೇಡುವ ಪ್ರತಿಫಲ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ತಾಯಿ ಅರೆನಿದ್ರೆಯಲ್ಲಿ ಕಾಣುತ್ತಾಳೆ: ಒಬ್ಬ ವಿಚಿತ್ರ ವ್ಯಕ್ತಿ ವಾರ್ಡಿಗೆ ಬಂದು ಕೂಸನ್ನೆತ್ತಿಕೊಂಡಿದ್ದಾನೆ. ಅದು ಕನಸೋ ನನಸೋ ಆಕೆಗೇ ತಿಳಿಯದು. ಕೂಸು ಬದುಕುತ್ತದೆ. ಅದಕ್ಕಿಡುವ ಹೆಸರು 'ಜಾಯ್', ಅಂದರೆ ಆನಂದ.

ಸ್ಕೆಲಿಗ್ ಯಾರು? ಮನುಷ್ಯನೋ, ಪಕ್ಷಿಯೋ, ದೇವದೂತನೋ? ಕಥೆ ಖಚಿತವಾಗಿ ಹೇಳುವುದಿಲ್ಲ. ದೇವದೂತರು ಅಶರೀರಿಗಳೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು; ರೆಕ್ಕೆಗಳು ಚಿತ್ರಕಾರರು ಕೊಟ್ಟ ಸಂಕೇತ ಮಾತ್ರ. ಆದುದರಿಂದ ಈ ಪಾತ್ರದಲ್ಲಿ ದೈವಶಾಸ್ತ್ರವನ್ನು ಹುಡುಕುವುದು ಬೇಡ. ಆದರೆ ತೋಬಿತನ ಗ್ರಂಥವನ್ನು ಓದಿದವರಿಗೆ ಒಂದು ಸಾಮ್ಯ ಹೊಳೆಯದಿರದು. ಅಲ್ಲಿಯೂ ರಫಾಯೆಲ ದೂತನು ಕೂಲಿಗೆ ಬಂದ ಸಾಮಾನ್ಯ ಪ್ರಯಾಣಿಕನ ವೇಷದಲ್ಲಿ ತೋಬಿಯನ ಜೊತೆ ನಡೆಯುತ್ತಾನೆ; ಕೊನೆಗಲ್ಲದೆ ಗುರುತು ಹೇಳುವುದಿಲ್ಲ. ರಫಾಯೆಲ ಎಂಬ ಹೆಸರಿನ ಅರ್ಥವೇ 'ದೇವರು ಗುಣಪಡಿಸುತ್ತಾರೆ' ಎಂದು.

ಹಾಗಾದರೆ ಇದೊಂದು ಸುಖಾಂತ್ಯದ ಸಿಹಿಗುಳಿಗೆ ಮಾತ್ರವೇ? ಲೇಖಕರ ಜೀವನ ಬೇರೆಯೇ ಮಾತನ್ನು ಹೇಳುತ್ತದೆ. 1951ರಲ್ಲಿ ಜನಿಸಿದ ಆಲ್ಮಂಡ್ ಈಶಾನ್ಯ ಇಂಗ್ಲೆಂಡಿನ ಫೆಲ್ಲಿಂಗ್ ಎಂಬ ಊರಿನಲ್ಲಿ ಕಥೋಲಿಕ ಕುಟುಂಬದಲ್ಲಿ ಬೆಳೆದವರು. ಅವರ ಬಾಲ್ಯದಲ್ಲೇ ಪುಟ್ಟ ತಂಗಿಯೊಬ್ಬಳು ತೀರಿಕೊಂಡಳು. ಹದಿಹರೆಯದಲ್ಲಿ ತಂದೆಯೂ ಅಗಲಿದರು. ಆ ನೆನಪುಗಳನ್ನು ಅವರು 2000ದಲ್ಲಿ ಬಂದ 'ಕೌಂಟಿಂಗ್ ಸ್ಟಾರ್ಸ್' ಎಂಬ ಕಥಾಸಂಗ್ರಹದಲ್ಲಿ ನಿರೂಪಿಸಿದ್ದಾರೆ. ಅಂದರೆ ಕಥೆಯಲ್ಲಿ ಕೂಸನ್ನು ಬದುಕಿಸಿದ ಕೈ, ತನ್ನ ತಂಗಿಯನ್ನು ಕಳೆದುಕೊಂಡ ಅಣ್ಣನ ಕೈ. ಎಲ್ಲ ಮಕ್ಕಳೂ ಗುಣವಾಗುವುದಿಲ್ಲವೆಂಬುದನ್ನು ಅವರು ನಮಗಿಂತ ಚೆನ್ನಾಗಿ ಬಲ್ಲರು. 

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಬಹಳ ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಪುಟ್ಟ ಬಾಲಕಿಯೊಬ್ಬಳು ಆಸ್ಪತ್ರೆಯಲ್ಲಿದ್ದಳು. ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ನಾವು ಹೋದಾಗ ಅವಳ ಅಣ್ಣ, ಎಂಟು ವರ್ಷದವನಿರಬೇಕು, ವಾರ್ಡಿನ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದ. ಮಕ್ಕಳಿಗೆ ಒಳಗೆ ಪ್ರವೇಶವಿರಲಿಲ್ಲ. ಅವನು ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣವೊಂದನ್ನು ತೆಗೆದ. ಒಳಗೆ ಜಾಲಿಯ ಎಲೆಗಳ ನಡುವೆ ಹಸಿರಾಗಿ ಹೊಳೆಯುವ ಜೀರ್ಜಿಂಬೆ. "ಸ್ವಾಮಿ, ಇದನ್ನ ತಂಗೀಗೆ ತೋರಿಸ್ತೀರಾ?" ಎಂದು ಕೇಳಿದ. ಮತ್ತೆ ತಲೆ ತಗ್ಗಿಸಿ, "ನಾನು ಅವಳ ಜೊತೆ ಜಗಳ ಆಡಿದ್ದಕ್ಕೆ ಹೀಗಾಯ್ತಾ?" ಎಂದ.

ನಾವು ಅವಸರದಲ್ಲಿದ್ದೆವು. "ಪ್ರಾರ್ಥನೆ ಮಾಡು, ಮಗೂ, ಎಲ್ಲ ಸರಿಹೋಗುತ್ತೆ" ಎಂದು ತಲೆ ಸವರಿ ಒಳನಡೆದೆವು. ಬೆಂಕಿಪೊಟ್ಟಣ ಅವನ ಕೈಯಲ್ಲೇ ಉಳಿಯಿತು. ನಾಲ್ಕನೆಯ ದಿನ ಬಾಲಕಿ ಪ್ರಭುವಿನ ಸನ್ನಿಧಿ ಸೇರಿದಳು. ಶವಸಂಸ್ಕಾರದ ದಿನ ಆ ಹುಡುಗ ನಮ್ಮ ಮುಖವನ್ನು ನೋಡಲಿಲ್ಲ. ತಾನು ಸರಿಯಾಗಿ ಪ್ರಾರ್ಥಿಸಲಿಲ್ಲವೆಂದು ಭಾವಿಸಿದನೋ, ನಾವು ಸುಳ್ಳು ಹೇಳಿದೆವೆಂದು ಭಾವಿಸಿದನೋ, ನಾವು ಕೇಳಲಿಲ್ಲ. ಕೇಳುವ ಧೈರ್ಯ ನಮಗಿರಲಿಲ್ಲ.

ಫ್ರೆಂಚ್ ತತ್ತ್ವಜ್ಞಾನಿ ಗೇಬ್ರಿಯಲ್ ಮಾರ್ಸೆಲ್ 'ಸಮಸ್ಯೆ' ಮತ್ತು 'ರಹಸ್ಯ'ಗಳ ನಡುವೆ ಒಂದು ಭೇದವನ್ನು ಗುರುತಿಸಿದರು. ಸಮಸ್ಯೆ ನಮ್ಮ ಎದುರಿಗಿರುತ್ತದೆ. ಅದನ್ನು ಹೊರಗೆ ನಿಂತು ಬಿಡಿಸಬಹುದು. ರಹಸ್ಯವಾದರೋ ನಮ್ಮನ್ನೇ ಒಳಗೊಂಡಿರುತ್ತದೆ. ಅದನ್ನು ಬಿಡಿಸಲಾಗದು, ಅದರೊಳಗೆ ಬಾಳಬೇಕು. ಕೂಸಿನ ಹೃದಯದ ದೋಷ ವೈದ್ಯರಿಗೆ ಸಮಸ್ಯೆ; ಹಾಗಿರುವುದೇ ಸರಿ. ಆದರೆ ಅಣ್ಣನಿಗೆ ಅದು ರಹಸ್ಯ. ಅವನಿಗೆ ಬೇಕಾದುದು ಉತ್ತರವಲ್ಲ, ಒಂದು ಜೊತೆ ಮತ್ತು ಕೈಗೊಂದು ಕೆಲಸ. 'ಸ್ಕೆಲಿಗ್' ಕಾದಂಬರಿಯ ಜಾಣ್ಮೆ ಇರುವುದು ಇಲ್ಲಿಯೇ. ತಂಗಿಗಾಗಿ ಏನನ್ನೂ ಮಾಡಲಾಗದ ಬಾಲಕನಿಗೆ ಕಥೆ ಒಬ್ಬ ರೋಗಿಯನ್ನು ಒಪ್ಪಿಸುತ್ತದೆ. ಆ ಕೊಳಕು ಅಪರಿಚಿತನಿಗೆ ಅವನು ಕೊಟ್ಟ ಪ್ರತಿಯೊಂದು ಮಾತ್ರೆ, ಪ್ರತಿಯೊಂದು ತುತ್ತು ಅವನ ಪ್ರಾರ್ಥನೆಯೇ ಆಗುತ್ತದೆ. ರಾತ್ರಿ ತನ್ನ ಎದೆಯ ಬಡಿತದೊಳಗೆ ತಂಗಿಯ ಎದೆಬಡಿತವನ್ನು ಆಲಿಸಲು ಅವನು ಕಲಿಯುತ್ತಾನೆ. ಹಸಿದವನಿಗೆ ಉಣಿಸಿದವರು ತನಗೇ ಉಣಿಸಿದರೆಂದು ಪ್ರಭು ಯೇಸು ಹೇಳಿದ್ದನ್ನು ನಾವು ಪೀಠದಿಂದ ಎಷ್ಟೋ ಬಾರಿ ಬೋಧಿಸಿದ್ದೇವೆ. ಆದರೂ ಬೆಂಕಿಪೊಟ್ಟಣವನ್ನು ಒಳಗೊಯ್ಯಲು ನಮಗೆ ಹೊಳೆಯಲಿಲ್ಲ.

ಪ್ರಿಯ ತಂದೆತಾಯಿಯರೇ, ನಿಮ್ಮ ಮನೆಗೆ ಇಂತಹ ಕಷ್ಟ ಬಾರದಿರಲಿ. ಬಂದರೆ, ಗುಣವಾಗಿರುವ ಮಗುವನ್ನು ಮರೆಯಬೇಡಿ. ಅದರ ವಯಸ್ಸಿಗೆ ತಕ್ಕಂತೆ ನಿಜವನ್ನು ಹೇಳಿ. ಕಾಯಿಲೆ ಯಾರ ಜಗಳದಿಂದಲೂ, ಯಾರ ಕೆಟ್ಟ ಯೋಚನೆಯಿಂದಲೂ ಬಂದುದಲ್ಲವೆಂದು ಅದು ಕೇಳದಿದ್ದರೂ ನೀವಾಗಿ ಹೇಳಿ. ನಿಮಗೆ ತಿಳಿಯದಿರುವುದನ್ನು ತಿಳಿದಂತೆ ಹೇಳಬೇಡಿ. ದೇವರ ಹೆಸರಿನಲ್ಲಿ ವಾಗ್ದಾನ ಕೊಡಬೇಡಿ. ಅದಕ್ಕೊಂದು ಪುಟ್ಟ ಕೆಲಸ ಕೊಡಿ: ಚಿತ್ರ ಬರೆಯುವುದೋ, ಹೂವು ಕೊಯ್ದು ಕಳುಹಿಸುವುದೋ, ಗಿಡಕ್ಕೆ ನೀರು ಹಾಕುವುದೋ. ಸಂಜೆ ಅದರ ಪಕ್ಕದಲ್ಲಿ ಕುಳಿತು ಒಂದು ಕಥೆ ಓದಿ.

ನಾವಂತೂ ಈಗ ಆಸ್ಪತ್ರೆಗೆ ಹೋದಾಗ ಮೊದಲು ಹೊರಗಿನ ಮೆಟ್ಟಿಲುಗಳನ್ನು ನೋಡುತ್ತೇವೆ. ಅಲ್ಲಿ ಯಾವುದಾದರೂ ಮಗು ಕುಳಿತಿದ್ದರೆ ಅದರ ಪಕ್ಕದಲ್ಲಿ ಕುಳಿತು, ಜೇಬಿನಲ್ಲಿ ಏನಿದೆಯೆಂದು ಕೇಳಿ, ಅನಂತರವೇ ಒಳಗೆ ಹೋಗುತ್ತೇವೆ.