ಸಸ್ಯಾಹಾರಿಗಳಿಗೂ ಕೊಲೆಸ್ಟ್ರಾಲ್ ಪರೀಕ್ಷೆ ಏಕೆ ಬೇಕು?

“ನಾವು ಸಸ್ಯಾಹಾರಿಗಳು, ನಮಗೇಕೆ ಕೊಲೆಸ್ಟ್ರಾಲ್ ಪರೀಕ್ಷೆ?” ಎಂಬ ಮಾತು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮಾಂಸ, ಮೊಟ್ಟೆ ಮುಟ್ಟದವರಿಗೆ ಈ ತೊಂದರೆ ಬಾರದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಈ ನಂಬಿಕೆ ಎಷ್ಟು ಸರಿ ಎಂಬುದನ್ನು ಇಲ್ಲಿ ವಿಚಾರಿಸೋಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ 2008ರಿಂದ 2020ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ 20 ವರ್ಷ ಮೇಲ್ಪಟ್ಟ 1,13,043 ಮಂದಿ ಪಾಲ್ಗೊಂಡಿದ್ದರು. ಅವರಲ್ಲಿ ಆಯ್ದವರ ರಕ್ತದಲ್ಲಿನ ಕೊಬ್ಬಿನಂಶವನ್ನು ಅಳೆಯಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೂರಕ್ಕೆ 81 ವಯಸ್ಕರಲ್ಲಿ ಯಾವುದಾದರೂ ಒಂದು ಬಗೆಯ ಏರುಪೇರು ಕಂಡುಬಂದಿತು. ಅವರೆಲ್ಲರೂ ರೋಗಿಗಳೆಂದು ಇದರ ಅರ್ಥವಲ್ಲ. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ. 24 ಮಾತ್ರ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದ್ದವರು ಶೇ. 32, ‘ಒಳ್ಳೆಯ ಕೊಲೆಸ್ಟ್ರಾಲ್’ ಎನಿಸಿದ ಎಚ್‌ಡಿಎಲ್ ಕಡಿಮೆಯಿದ್ದವರು ಶೇ. 67. ಅಂದರೆ ನಮ್ಮ ದೇಶದಲ್ಲಿ ಕೆಟ್ಟದ್ದು ಹೆಚ್ಚಿರುವುದಕ್ಕಿಂತ ಒಳ್ಳೆಯದು ಕಡಿಮೆಯಿರುವುದೇ ಹೆಚ್ಚು ವ್ಯಾಪಕವಾಗಿದೆ.

ಇದಕ್ಕೆ ಕಾರಣವೇನು? ಕೊಲೆಸ್ಟ್ರಾಲ್ ಕೇವಲ ಆಹಾರದಿಂದ ಬರುವ ವಸ್ತುವಲ್ಲ. ದೇಹಕ್ಕೆ ಬೇಕಾದ ಬಹುಪಾಲನ್ನು ಯಕೃತ್ತು ಮೊದಲಾದ ಅಂಗಗಳೇ ತಯಾರಿಸಿಕೊಳ್ಳುತ್ತವೆ. ಭಾರತೀಯರ ಊಟದಲ್ಲಿ ಶೇ. 60ಕ್ಕೂ ಹೆಚ್ಚು ಶಕ್ತಿ ಪಿಷ್ಟ ಹಾಗೂ ಸಕ್ಕರೆಯಿಂದ ದೊರೆಯುತ್ತದೆ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ದಿನಕ್ಕೆ ನಾಲ್ಕಾರು ಬಾರಿ ಸಿಹಿ ಚಹಾ, ಇವು ದುಡಿಮೆಯಲ್ಲಿ ಖರ್ಚಾಗದಿದ್ದರೆ ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಆಗಿ ಪರಿವರ್ತಿಸುತ್ತದೆ. ಅದು ಏರಿದಂತೆ ಎಚ್‌ಡಿಎಲ್ ಸಾಮಾನ್ಯವಾಗಿ ಇಳಿಯುತ್ತದೆ. ಹೊಟ್ಟೆಯ ಸುತ್ತ ಶೇಖರವಾಗುವ ಬೊಜ್ಜು ಈ ಕ್ರಿಯೆಯನ್ನು ಮತ್ತಷ್ಟು ಹೆಚ್ಚಿಸುತ್ತದೆ. ಹಿರಿಯರು ಹೊಲದಲ್ಲಿ ಮೈಮುರಿದು ದುಡಿದು ಉಂಡ ಊಟವನ್ನೇ ನಾವು ಕುರ್ಚಿಯಲ್ಲಿ ಕುಳಿತು ಉಣ್ಣುತ್ತಿದ್ದೇವೆ.

‘ಕೆಟ್ಟ ಕೊಲೆಸ್ಟ್ರಾಲ್’ ಎನಿಸಿದ ಎಲ್‌ಡಿಎಲ್ ರಕ್ತನಾಳದ ಒಳಗೋಡೆಯಲ್ಲಿ ಸೇರಿಕೊಂಡು, ವರ್ಷಗಟ್ಟಲೆ ಸದ್ದಿಲ್ಲದೆ ಅದನ್ನು ಕಿರಿದುಗೊಳಿಸುತ್ತದೆ. ತುಪ್ಪ, ಬೆಣ್ಣೆ, ವನಸ್ಪತಿ, ತಾಳೆ ಎಣ್ಣೆಗಳ ಅತಿ ಬಳಕೆ ಅದನ್ನು ಏರಿಸುತ್ತದೆ; ಇವೆಲ್ಲವೂ ಸಸ್ಯಾಹಾರಿಗಳ ಅಡುಗೆಮನೆಯಲ್ಲಿರುವಂಥವೇ. ಎಣ್ಣೆಯ ಡಬ್ಬಿಯ ಮೇಲಿನ ‘ಕೊಲೆಸ್ಟ್ರಾಲ್ ರಹಿತ’ ಎಂಬ ಬರಹವನ್ನು ನೋಡಿ ಮೋಸಹೋಗಬಾರದು. ಸಸ್ಯಜನ್ಯವಾದ ಎಲ್ಲ ಎಣ್ಣೆಗಳೂ ಹಾಗೆಯೇ ಇರುತ್ತವೆ. ಅವುಗಳಲ್ಲಿರುವ ಕೊಬ್ಬು ಯಾವ ಬಗೆಯದು ಎಂಬುದೇ ಮುಖ್ಯ. ಮಧುಮೇಹ, ಥೈರಾಯ್ಡ್ ಕೊರತೆ, ಸ್ತ್ರೀಯರಲ್ಲಿ ಮುಟ್ಟು ನಿಂತ ನಂತರದ ಬದಲಾವಣೆ ಇವುಗಳೂ ಕಾರಣವಾಗುತ್ತವೆ. ಕೆಲವು ಮನೆತನಗಳಲ್ಲಿ ಇದು ವಂಶಪಾರಂಪರ್ಯವಾಗಿ ಬರುತ್ತದೆ. ಅಂಥವರು ತೆಳ್ಳಗಿದ್ದು ಮಿತವಾಗಿ ಉಂಡರೂ ಎಲ್‌ಡಿಎಲ್ ಬಹಳ ಹೆಚ್ಚಿರಬಹುದು.

ಈ ಏರುಪೇರಿಗೆ ಸಾಮಾನ್ಯವಾಗಿ ನೋವಿಲ್ಲ, ಸುಸ್ತಿಲ್ಲ, ಹೊರಗೆ ಕಾಣುವ ಗುರುತೂ ಇಲ್ಲ. ಎಷ್ಟೋ ಮನೆಗಳಲ್ಲಿ ಅದು ತಿಳಿದುಬರುವುದು ದುಡಿಯುವ ವಯಸ್ಸಿನವರಿಗೆ ಹೃದಯಾಘಾತವಾದ ದಿನವೇ. ಆದುದರಿಂದ ಪ್ರತಿಯೊಬ್ಬ ವಯಸ್ಕರೂ ಒಮ್ಮೆಯಾದರೂ ಲಿಪಿಡ್ ಪ್ರೊಫೈಲ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಂಡು, ವರದಿಯನ್ನು ವೈದ್ಯರಿಗೆ ತೋರಿಸಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಖಂಡಿತ ತಡಮಾಡಬಾರದು. ವೈದ್ಯರು ಮಾತ್ರೆ ಕೊಟ್ಟಿದ್ದಲ್ಲಿ, ವರದಿ ಸರಿಬಂದಿತೆಂದು ತಾವಾಗಿಯೇ ನಿಲ್ಲಿಸುವುದು ತರವಲ್ಲ. ಅನೇಕರಲ್ಲಿ ವರದಿ ಸರಿಬಂದಿರುವುದು ಆ ಮಾತ್ರೆಯಿಂದಲೇ.

ತಟ್ಟೆಯಲ್ಲಿ ಅನ್ನ ತಗ್ಗಲಿ. ಬೇಳೆ, ಕಾಳು, ಸೊಪ್ಪು ಹೆಚ್ಚಲಿ. ಅನ್ನದ ಬದಲು ಜೋಳದ ರೊಟ್ಟಿ ಉಂಡರೂ ಅಳತೆ ಮೀರಬಾರದು. ಹೋಳಿಗೆ, ತುಪ್ಪ ಹಬ್ಬಕ್ಕೆ ಮೀಸಲಾಗಿರಲಿ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯೋಣ, ತಂಬಾಕನ್ನು ದೂರವಿಡೋಣ. ಸಸ್ಯಾಹಾರವು ಒಳ್ಳೆಯದೇ. ಅದರೊಡನೆ ಮಿತಿಯೂ ಮೈದಣಿಯುವ ಕಾಯಕವೂ ಕೂಡಿದಾಗ ಅದರ ಫಲ ನಮಗೆ ಪೂರ್ಣವಾಗಿ ದೊರೆಯುತ್ತದೆ.