ಮತ್ತೆ ಕಟ್ಟಿದ ತಂತಿ

ಮುರುಗಮಲ್ಲದಲ್ಲಿ ನಾವು ವಾಸವಾಗಿರುವ ಮನೆಯ ಹಿತ್ತಲಲ್ಲಿ, ತೆಂಗಿನ ಮರದಿಂದ ನೀಲಗಿರಿ ಕಂಬದವರೆಗೆ 20 ಮೀಟರ್ ಉದ್ದದ ತಾಮ್ರದ ತಂತಿಯೊಂದನ್ನು ಈಚೆಗೆ ಎಳೆದು ಕಟ್ಟಿದ್ದೇವೆ. “ಅಷ್ಟೆತ್ತರದಲ್ಲಿ ಬಟ್ಟೆ ಹೆಂಗೆ ಒಣಗಾಕ್ತೀರಾ ಫಾದರ್?” ಎಂದು ಜ್ಞಾನೋಪದೇಶಕ್ಕೆ ಬಂದ ಮಕ್ಕಳು ಕೇಳಿದರು.

ಅದು ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋದ ತಂತಿ. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಮನೆಯಲ್ಲಿಯೇ ನಿಲಯವಿಟ್ಟುಕೊಂಡು ಲೋಕದ ಇತರ ಹವ್ಯಾಸಿಗಳೊಡನೆ ಮಾತನಾಡಬಹುದು. ಅದರಿಂದ ಹಣ ಗಳಿಸುವಂತಿಲ್ಲ. ಬೆಂಗಳೂರಿನ ಹವ್ಯಾಸಿಗಳ ಸಂಘ 1959ರಷ್ಟು ಹಳೆಯದು. ಆಶ್‌ವಿಟ್ಸ್‌ನಲ್ಲಿ 1941ರಲ್ಲಿ ಪರರಿಗಾಗಿ ಪ್ರಾಣವಿತ್ತ ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರು ತಮ್ಮ ಮಠದಲ್ಲಿ ರೇಡಿಯೋ ನಿಲಯ ನಡೆಸಿದ್ದರೆಂದು ಹವ್ಯಾಸಿಗಳು ಅವರನ್ನು ತಮ್ಮ ಪಾಲಕ ಸಂತರೆಂದೇ ಭಾವಿಸುತ್ತಾರೆ. ಗುರುಗಳಿಗೆ ಈ ಗೀಳು ಏಕೆಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ನಾವು ಪರವಾನಗಿ ಪಡೆದದ್ದು ಗುರುದೀಕ್ಷೆಯಾದ ಮರುವರ್ಷ. ಆಗ ಬೆಂಗಳೂರಿನ ಸಮೀಪದ ಧರ್ಮಕೇಂದ್ರವೊಂದರಲ್ಲಿದ್ದೆವು. ಪ್ರತಿ ಶನಿವಾರ ರಾತ್ರಿ ಹತ್ತಕ್ಕೆ, ಮರುದಿನದ ಪ್ರಬೋಧನೆ ಬರೆದು ಮುಗಿಸಿ, ಮಲೆನಾಡಿನ ಹಿರಿಯರೊಬ್ಬರನ್ನು ಕರೆಯುತ್ತಿದ್ದೆವು. ತಂತಿ ಕಚೇರಿಯಿಂದ ನಿವೃತ್ತರಾದವರು. ಪಾರ್ಶ್ವವಾಯುವಿನಿಂದ ಮಂಚ ಹಿಡಿದಿದ್ದರು. ಮಾತು ತೊದಲುತ್ತಿತ್ತು. ಆದರೆ ಬಲಗೈಯಲ್ಲಿ ಹಿತ್ತಾಳೆಯ ‘ಕೀ’ ಒತ್ತಿ ಮೋರ್ಸ್ ಸಂಕೇತ ಕಳುಹಿಸತೊಡಗಿದರೆ ಒಂದಕ್ಷರವೂ ತೊದಲುತ್ತಿರಲಿಲ್ಲ. ಅಡಿಕೆಯ ಧಾರಣೆ, ಮಗಳ ಕೈಯ ಅಡುಗೆ, ಒಮ್ಮೊಮ್ಮೆ ಆತ್ಮದ ಅಮರತ್ವ, ಎಲ್ಲವೂ ಚುಕ್ಕೆ-ಗೆರೆಗಳಲ್ಲಿಯೇ. ಅವರು ಕ್ರೈಸ್ತರಲ್ಲ. ತತ್ತ್ವಶಾಸ್ತ್ರ ಓದಿಬಂದ ನಮಗಿಂತ ಆ ಕೊನೆಯ ವಿಷಯದಲ್ಲಿ ಅವರೇ ನಿರಾತಂಕವಾಗಿ ಮಾತನಾಡುತ್ತಿದ್ದರು.

2008ರಲ್ಲಿ ನಮಗೆ ವರ್ಗವಾಯಿತು. “ಹೊಸ ಊರಿನಲ್ಲಿ ತಂತಿ ಕಟ್ಟಿ ಕರೆಯುತ್ತೇವೆ, ಇದೇ ಹೊತ್ತಿಗೆ ಕೇಳುತ್ತಿರಿ” ಎಂದು ಕಳುಹಿಸಿದ್ದೆವು. ಪೆಟ್ಟಿಗೆ ಬಿಚ್ಚಲಿಲ್ಲ. ಶಾಲೆಯ ಕಟ್ಟಡ, ಹಬ್ಬಗಳು, ಲೆಕ್ಕಪತ್ರ ಎಂದು ಕಾರಣಗಳಿಗೆ ಬರವಿರಲಿಲ್ಲ. ಒಂದು ಅಂಚೆ ಕಾರ್ಡಾದರೂ ಬರೆಯಬಹುದಿತ್ತು. ಮಾಡಬೇಕಾದುದನ್ನು ಮಾಡದಿರುವುದೂ ಪಾಪವೆಂದು ಸಂತ ತೋಮಸ್ ಅಕ್ವಿನಾಸರು ವಿವೇಚಿಸಿದ್ದನ್ನು ಗುರುಮಠದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಒಳ್ಳೆಯ ಅಂಕಗಳನ್ನೇ ಪಡೆದಿದ್ದೆವು.

ಇಲ್ಲಿಗೆ ಬಂದ ಮೇಲೆ ಆ ಪೆಟ್ಟಿಗೆಯನ್ನು ಬಿಚ್ಚಿದೆವು. ಅಷ್ಟರಲ್ಲಿ ನಮ್ಮ ಪರವಾನಗಿಯ ಅವಧಿ ತೀರಿತ್ತು. ಹೊಸ ಅರ್ಜಿ ಹಾಕಿದ್ದೇವೆ. ಅದು ಬರುವ ತನಕ ಕೇಳಬಹುದೇ ಹೊರತು ಕರೆಯುವಂತಿಲ್ಲ. ಆಕಾಶವೂ ಬದಲಾಗಿದೆ. ಹವ್ಯಾಸಿಗಳಿಗೆಂದೇ ಇಸ್ರೋ 2005ರಲ್ಲಿ ಹಾರಿಸಿದ್ದ ಹ್ಯಾಮ್‌ಸ್ಯಾಟ್ ಉಪಗ್ರಹ 2014ರಲ್ಲಿ ಮೌನವಾಯಿತು. ಅದಕ್ಕೂ ಒಂದು ವರ್ಷ ಮುಂಚೆ, 2013ರ ಜುಲೈಯಲ್ಲಿ, ದೇಶದ ಟೆಲಿಗ್ರಾಂ ಸೇವೆಯೇ ನಿಂತಿತು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್‌ವರ್ಟರ್‌ಗಳು ಎಬ್ಬಿಸುವ ಗೊರಗೊರ ಸದ್ದು ಹಿಂದೆ ಇಷ್ಟಿರಲಿಲ್ಲ. ದರ್ಗಾಕ್ಕೆ ಬರುವ ಯಾತ್ರಿಕರ ಗದ್ದಲವಾಗಲಿ ಬಸ್ಸಿನ ಹಾರನ್ ಆಗಲಿ ಈ ಪೆಟ್ಟಿಗೆಯನ್ನು ಬಾಧಿಸದು; ಪಕ್ಕದ ಮನೆಯ ಒಂದು ಅಗ್ಗದ ದೀಪ ಸಾಕು. ಆದ್ದರಿಂದ ಕರೆಂಟು ಹೋದಾಗ ಊರೆಲ್ಲ ಗೊಣಗಿದರೆ ನಾವೊಬ್ಬರು ಬ್ಯಾಟರಿ ಜೋಡಿಸಿಕೊಂಡು ಹಿಗ್ಗುತ್ತೇವೆ.

ಮೊದಲ ಶನಿವಾರ ರಾತ್ರಿ ಹತ್ತಕ್ಕೆ ಹಳೆಯ ಜಾಗಕ್ಕೆ ಮುಳ್ಳು ತಿರುಗಿಸಿ ಕುಳಿತೆವು. ಹಿರಿಯರ ದನಿ ಇರಲಿಲ್ಲ. ಇರಲಾರದೆಂದು ತಿಳಿದೇ ಕುಳಿತಿದ್ದೆವೇನೋ. ಹಳೆಯ ವಿಳಾಸಕ್ಕೆ ಪತ್ರ ಬರೆದೆವು. ಮೂರು ವಾರಗಳ ಬಳಿಕ ಮಗಳಿಂದ ಉತ್ತರ ಬಂತು. ತಂದೆಯವರು 2010ರ ಮಳೆಗಾಲದಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಪ್ರತಿ ಶನಿವಾರ ರೇಡಿಯೋ ಹಾಕಿಸುತ್ತಿದ್ದರು. “ಫಾದರ್ ಮರೆತಿರಬೇಕು ಅಪ್ಪ ಅಂದರೆ ನನ್ನನ್ನೇ ಗದರುತ್ತಿದ್ದರು. ಸೂರ್ಯನಲ್ಲಿ ಕಲೆಗಳಿಲ್ಲ, ಅಲೆ ಬರುತ್ತಿಲ್ಲ, ಅವರು ಕರೆಯುತ್ತಲೇ ಇದ್ದಾರೆ ಎನ್ನುತ್ತಿದ್ದರು” ಎಂದು ಆಕೆ ಬರೆದಿದ್ದರು.

ಅವರ ಮಾತಿನಲ್ಲಿ ಶಾಸ್ತ್ರವಿತ್ತು. ಸೂರ್ಯನ ಕಿರಣಗಳು ನೆಲದಿಂದ ಸುಮಾರು 300 ಕಿಲೋಮೀಟರ್ ಮೇಲಿನ ತೆಳುಗಾಳಿಯಲ್ಲಿ ವಿದ್ಯುತ್ಕಣಗಳನ್ನು ಉಂಟುಮಾಡುತ್ತವೆ. ನಮ್ಮ ಅಲೆಗಳನ್ನು ನೆಲಕ್ಕೆ ಬಾಗಿಸಿ ಕಳುಹಿಸುವುದು ಆ ಪದರವೇ. ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ತಗ್ಗುತ್ತವೆ. ತಗ್ಗಿದಾಗ ಪದರ ಬಲಗುಂದುತ್ತದೆ. ರಾತ್ರಿಯ ಹೊತ್ತು ಹತ್ತಿರದ ಊರಿಗೆ ಇಳಿಯಬೇಕಾದ ಅಲೆ ಮೇಲಕ್ಕೇ ಹೊರಟುಹೋಗುತ್ತದೆ. 2008 ಮತ್ತು 2009ರಲ್ಲಿ ಕಲೆಗಳು ಅಪರೂಪವಾಗಿಬಿಟ್ಟಿದ್ದವು. ಒಂದೂ ಕಾಣದ ದಿನಗಳೇ ಹೆಚ್ಚು. ನಾವು ಪೆಟ್ಟಿಗೆ ಬಿಚ್ಚದ ತಪ್ಪನ್ನು ಆ ಹಿರಿಯರು ಎರಡು ವರ್ಷಕಾಲ ಸೂರ್ಯನ ಮೇಲೆ ಹೊರಿಸಿದ್ದರು.

ಮಗಳಿಗೆ ನಿಜವನ್ನು ಬರೆದೆವು. ಆಕೆ ಮತ್ತೆ ಉತ್ತರಿಸಿಲ್ಲ, ಉತ್ತರಿಸಬೇಕೆಂದೂ ಇಲ್ಲ. ಭಾನುವಾರದ ಬಲಿಪೂಜೆಯಲ್ಲಿ ಅವರನ್ನು ನೆನೆಯುತ್ತಿದ್ದೇವೆ.

ಕಳೆದ ಶನಿವಾರ ಹತ್ತೂಕಾಲಿಗೆ ಕರೆಂಟು ಹೋಯಿತು. ಗೊರಗೊರ ಅಡಗಿದೊಡನೆ ಸಣ್ಣಗೆ ಮೋರ್ಸ್ ಕೇಳಿಸಿತು. ಕೈ ತಡವರಿಸುತ್ತಿತ್ತು, ಯಾರೋ ಹೊಸಬರು. ‘ಸಿಕ್ಯೂ’ ಎಂದು, ಅಂದರೆ ಕೇಳುತ್ತಿರುವವರು ಯಾರಾದರೂ ಸರಿ ಉತ್ತರಿಸಿ ಎಂದು, ಐದು ಸಲ ಕರೆದರು. ಯಾರೂ ಓಗೊಡಲಿಲ್ಲ. ನಾವು ಓಗೊಡುವಂತಿರಲಿಲ್ಲ. ಹೊತ್ತನ್ನೂ ಅವರ ಕರೆಸಂಕೇತವನ್ನೂ ಪುಸ್ತಕದಲ್ಲಿ ಗುರುತು ಹಾಕಿಕೊಂಡೆವು. ಬರಿದೆ ಕೇಳಿಸಿಕೊಂಡವರೂ ‘ನಿಮ್ಮ ದನಿ ಇಲ್ಲಿ ಕೇಳಿಸಿತು’ ಎಂದು ಕಾರ್ಡು ಬರೆಯುವ ಪದ್ಧತಿ ಹವ್ಯಾಸಿಗಳಲ್ಲಿ ಉಂಟು. ಸೋಮವಾರ ಬೆಳಿಗ್ಗೆ, ಬೇರೆ ಕೆಲಸ ಹಿಡಿಯುವ ಮುನ್ನ, ಆ ಕಾರ್ಡನ್ನು ಅಂಚೆಗೆ ಹಾಕಿ ಬಂದೆವು.