ಬೆಂಕಿಯಿಲ್ಲದೆ ಸುಡುವ ಸಿಮೆಂಟು

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿ: ಸುಣ್ಣದಕಲ್ಲಿನ ಈ ಸೀಮೆಯಲ್ಲಿ ಬೆಂಕಿಯಿಲ್ಲದೆಯೂ ಚರ್ಮ ಸುಡುತ್ತದೆ. ನೀರು ಹಾಕಿ ಕಲಸಿದ ಸಿಮೆಂಟು ತೀವ್ರ ಕ್ಷಾರ. ಅದರ ಪಿಎಚ್ 12ರಿಂದ 13. ಬೂಟಿನೊಳಗೆ ಇಳಿದ ಸಿಮೆಂಟು ಮೊದಲು ಉರಿಯುವುದೇ ಇಲ್ಲ, ಮೋಸ ಇರುವುದು ಅಲ್ಲೇ. ಸಂಜೆ ಕಾಲ್ಚೀಲ ಕಳಚಿದಾಗ ಕಣಕಾಲು ಕೆಂಪಾಗಿರುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ.

ಸಿಮೆಂಟಿನಿಂದ ಒದ್ದೆಯಾದ ಬಟ್ಟೆ, ಬೂಟು ತಕ್ಷಣ ತೆಗೆಯಬೇಕು. ಸುಟ್ಟ ಸುಣ್ಣದ ಪುಡಿಯಾದರೆ ಮೊದಲು ಒಣಗಿದ್ದಾಗಲೇ ಕೊಡವಬೇಕು, ನೀರು ತಾಗಿದರೆ ಅದು ಕುದಿಯುವಷ್ಟು ಕಾಯುತ್ತದೆ. ನಂತರ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಟೂತ್‌ಪೇಸ್ಟ್ ಖಂಡಿತ ಬೇಡ, ಗುಳ್ಳೆ ಒಡೆಯಬಾರದು.

ಮೂರು ವಾರದೊಳಗೆ ಮಾಯ್ದ ಗಾಯ ಉಬ್ಬುಗಲೆ ಬಿಡುವುದು ಕಡಿಮೆ. ತಡವಾಗಿ ಮಾಯ್ದರೆ, ಚರ್ಮ ಪೂರ್ತಿ ಕೂಡಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಿ, ತಿಂಗಳುಗಟ್ಟಲೆ ಮೆಲ್ಲಗೆ ತಿಕ್ಕುತ್ತ, ಬಿಸಿಲು ತಾಗದಂತೆ ಮುಚ್ಚಬೇಕು.